ಈ ಕಲ್ಲು ಯಾರದ್ದು?

"ಚಂದ್ರ ಎರಡಾದರೆ ಉಬ್ಬರ ಜಾಸ್ತಿ ಆಗ್ತದಾ?"

ಮಲ್ಪೆಯಿಂದ ಚಿಕ್ಕಪ್ಪನ ಫೋನು. 2025ರ ಅಕ್ಟೋಬರ್ ತಿಂಗಳು. ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಆಗಲೇ ಒಂದು ಫೋಟೋ ಬಂದು ಬಿದ್ದಿತ್ತು. ಕಡಲಿನ ಮೇಲೆ ಎರಡು ಹುಣ್ಣಿಮೆ ಚಂದ್ರ, ಒಂದರ ಪಕ್ಕ ಒಂದು. ಕೆಳಗೆ ದಪ್ಪ ಅಕ್ಷರದಲ್ಲಿ, ಭೂಮಿಗೆ ಎರಡನೇ ಚಂದ್ರ ಸಿಕ್ಕಿದೆ, 2083ರ ತನಕ ನಮ್ಮ ಜೊತೆಗೇ ಇರುತ್ತದೆ ಅಂತ. ಕೊನೆಗೆ ನಾಸಾ ಹೇಳಿದೆ ಅನ್ನುವ ಬಾಲ. ಆ ಬಾಲ ಇಲ್ಲದೆ ಇಂಥ ಮೆಸೇಜು ಹುಟ್ಟುವುದೇ ಇಲ್ಲ ಅನ್ನಿ.

ಉಳಿದವರು ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾದರು. ಚಿಕ್ಕಪ್ಪ ಹಾಗೆ ಬಿಡುವವರಲ್ಲ. ಬಹಳ ಕಾಲ ಬೋಟು ನಡೆಸುವ ತಾಂಡೇಲರಾಗಿದ್ದವರು. ಅಳಿವೆ ಬಾಯಿ ದಾಟಿ ಒಳಗೆ ಬರಬೇಕಾದವರಿಗೆ ಚಂದ್ರ ಅಂದರೆ ಮೊದಲು ನೀರಿನ ಲೆಕ್ಕ. ಹುಣ್ಣಿಮೆಗೆ, ಅಮಾವಾಸ್ಯೆಗೆ ನೀರು ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ, ಮರಳು ದಿಬ್ಬಕ್ಕೆ ಬೋಟಿನ ಅಡಿ ತಾಗುತ್ತದಾ ಇಲ್ಲವಾ. ಆಮೇಲೆ ಬೇಕಾದರೆ ಬೆಳದಿಂಗಳು. ಇನ್ನೊಂದು ಚಂದ್ರ ಬಂತು ಅಂದರೆ ಅವರು ಬೇರೆ ಏನನ್ನು ಕೇಳಿಯಾರು? ಆ ಸುದ್ದಿಯನ್ನು ಬರೆದವರಾಗಲಿ ಹಂಚಿದವರಾಗಲಿ ಈ ಒಂದು ಪ್ರಶ್ನೆ ಕೇಳಿಕೊಂಡಿದ್ದರೆ ಆ ಫೋಟೋ ಹುಟ್ಟುತ್ತಲೇ ಇರಲಿಲ್ಲ.

"ಇಲ್ಲ ಚಿಕ್ಕಪ್ಪ, ಕೂದಲೆಳೆಯಷ್ಟೂ ಆಗುವುದಿಲ್ಲ" ಅಂದೆ. ಅವರಿಗೆ ಅಷ್ಟು ಸಾಲಲಿಲ್ಲ. ಯಾಕೆ ಆಗುವುದಿಲ್ಲ ಅಂತ ಹೇಳಬೇಕಿತ್ತು.

ಸುದ್ದಿಯಲ್ಲಿದ್ದ ಆ 'ಚಂದ್ರ'ನ ಅಳತೆ ಸುಮಾರು 19 ಮೀಟರ್. ಅಡಿಯಲ್ಲಿ ಹೇಳಿದರೆ ಅರುವತ್ತೆರಡು. ಒಂದು ಬಂಡೆ, ಅಷ್ಟೆ. ಸಾಮಾನ್ಯ ಕಲ್ಲಿನ ಸಾಂದ್ರತೆ ಹಿಡಿದರೆ ತೂಕ ಹತ್ತು ಸಾವಿರ ಟನ್ನಿನ ಆಸುಪಾಸು ಬರುತ್ತದೆ. ನಮ್ಮ ಚಂದ್ರನ ತೂಕ ಏಳು ಲಕ್ಷ ಕೋಟಿ ಕೋಟಿ ಟನ್. ಇದು ಸಾಲದು ಅಂತ ದೂರ ಬೇರೆ ಇದೆ. ಚಂದ್ರ ನಮ್ಮಿಂದ 3.84 ಲಕ್ಷ ಕಿ.ಮೀ. ದೂರದಲ್ಲಿದ್ದಾನೆ. ಈ ಬಂಡೆ ತೀರಾ ಹತ್ತಿರ ಬಂದಾಗಲೂ ಸುಮಾರು 40 ಲಕ್ಷ ಕಿ.ಮೀ. ಆಚೆ. ಹತ್ತು ಪಟ್ಟು ದೂರ. ಉಬ್ಬರ ಎಬ್ಬಿಸುವ ಬಲ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ, ಅಂದರೆ ದೂರ ಹತ್ತು ಪಟ್ಟಾದರೆ ಬಲ ಸಾವಿರದಲ್ಲಿ ಒಂದು ಪಾಲು. ನಮ್ಮ ಕಡಲಲ್ಲಿ ಅಷ್ಟು ದೊಡ್ಡ ಚಂದ್ರನೇ ಎಬ್ಬಿಸುವ ಏರಿಳಿತ ಒಂದು ಮೀಟರಿನ ಮೇಲೆ ಸ್ವಲ್ಪ. ಈ ಬಂಡೆಯ ಪಾಲನ್ನು ಅಳೆಯುವ ಕೋಲು ಯಾರ ಹತ್ತಿರವೂ ಇಲ್ಲ.

"ಹಾಗಾದ್ರೆ ಅದನ್ನು ಚಂದ್ರ ಅಂತ ಯಾಕೆ ಹೇಳುದು?" ಅಂದರು.

ಅಲ್ಲಿಂದ ಶುರುವಾಯಿತು ನೋಡಿ. ಆಮೇಲೆ ನಾನು ಮನೆಗೆ ಹೋದಾಗಲೆಲ್ಲ ಇದೇ ಮಾತು.

ಆ ಬಂಡೆಯ ಹೆಸರು 2025 ಪಿಎನ್7. ಹೆಸರು ಅನ್ನುವುದಕ್ಕಿಂತ ನೋಂದಣಿ ಸಂಖ್ಯೆ. ವಾಹನದ ನಂಬರ್ ಪ್ಲೇಟಿನ ಮೇಲೆ ಕೆಎ-20 ಕಂಡರೆ ಉಡುಪಿ ಅಂತ ನಮಗೆ ಗೊತ್ತಾಗುತ್ತದಲ್ಲ, ಇದರಲ್ಲೂ ಅಂಥದ್ದೊಂದು ಒಳಲೆಕ್ಕ ಇದೆ. 2025 ಅಂದರೆ ವರ್ಷ. ಪಿ ಅಂದರೆ ಆಗಸ್ಟ್ ತಿಂಗಳ ಮೊದಲ ಅರ್ಧ. ಎನ್7 ಅನ್ನುವುದನ್ನು ಬಿಡಿಸಿದರೆ ಆ ಹದಿನೈದು ದಿನಗಳಲ್ಲಿ ಪಟ್ಟಿಗೆ ಸೇರಿದ 188ನೆಯದು ಅಂತ ಅರ್ಥ. ಹದಿನೈದು ದಿನಕ್ಕೆ ಅಷ್ಟು! ಕ್ಷುದ್ರಗ್ರಹ ಸಿಗುವುದು ಈಗ ಸುದ್ದಿಯೇ ಅಲ್ಲ. ಇದು ಸುದ್ದಿಯಾದದ್ದು ಇದರ ದಾರಿಯಿಂದ.

ಕಣ್ಣಿಗೆ ಬಿದ್ದದ್ದು ಆಗಸ್ಟ್ 2ರಂದು. ಇಲ್ಲಿ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧ ಜುಲೈ 31ಕ್ಕೆ ಮುಗಿದಿತ್ತು. ತುಳುನಾಡಿನ ಆಟಿ ತಿಂಗಳು, ಮಳೆಗಾಲ. ಉಡುಪಿಯಲ್ಲಿ ಆ ಹೊತ್ತಿಗೆ ಆಕಾಶ ಅನ್ನುವುದು ಬರೀ ನೆನಪು. ನಕ್ಷತ್ರ ನೋಡುವ ಹುಚ್ಚಿದ್ದವರು ಜೂನ್‌ನಿಂದ ಸೆಪ್ಟೆಂಬರ್ ತನಕ ಪುಸ್ತಕ ಓದಿಕೊಂಡು ಇರಬೇಕು, ಅಷ್ಟೆ. ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘದಿಂದಾಗಿ ನಮ್ಮೂರಲ್ಲಿ ಈ ಹುಚ್ಚು ತಗುಲಿಸಿಕೊಂಡವರು ಸಾಕಷ್ಟು ಜನ ಇದ್ದಾರೆ. ಮಳೆಗಾಲದಲ್ಲಿ ಅವರೆಲ್ಲರ ಪಾಡು ಒಂದೇ.

ಹವಾಯಿಯಲ್ಲಿ ಹಾಗಲ್ಲ. ಅಲ್ಲಿನ ಮಾವಿ ದ್ವೀಪದಲ್ಲಿ ಹಲೆಯಾಕಲಾ ಅನ್ನುವ ಜ್ವಾಲಾಮುಖಿ ಬೆಟ್ಟ. ಎತ್ತರ ಮೂರು ಸಾವಿರ ಮೀಟರಿಗೂ ಮೇಲೆ, ಮೋಡ ಕೆಳಗೇ ಉಳಿಯುತ್ತದೆ. ಅದರ ನೆತ್ತಿಯಲ್ಲಿ ಪ್ಯಾನ್-ಸ್ಟಾರ್ಸ್ ದೂರದರ್ಶಕ. ಕನ್ನಡಿಯ ಅಗಲ 1.8 ಮೀಟರ್, ಕ್ಯಾಮೆರಾ 140 ಕೋಟಿ ಪಿಕ್ಸೆಲ್‌ನದ್ದು. ಕೆಲಸ ಸರಳ. ಆಕಾಶದ ಒಂದೇ ತುಂಡನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮತ್ತೆ ತೆಗೆಯುವುದು. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಒಂದು ಚುಕ್ಕಿ ಮಾತ್ರ ಜಾಗ ಬದಲಿಸಿದರೆ ಕಂಪ್ಯೂಟರ್ ಅದನ್ನು ಹಿಡಿಯುತ್ತದೆ.

ಚುಕ್ಕಿ ಸಿಕ್ಕ ಕೂಡಲೇ ದಾರಿ ಗೊತ್ತಾಗುವುದಿಲ್ಲ. ಕೆಲವು ದಿನಗಳ ಚುಕ್ಕಿಗಳನ್ನು ಜೋಡಿಸಿ ಒಂದು ಅಂದಾಜು ಕಕ್ಷೆ ಹಾಕುತ್ತಾರೆ. ಆ ಕಕ್ಷೆಯನ್ನು ಹಿಂದಕ್ಕೆ ಓಡಿಸಿ, ಐದು ವರ್ಷದ ಹಿಂದೆ, ಹತ್ತು ವರ್ಷದ ಹಿಂದೆ ಈ ಕಲ್ಲು ಎಲ್ಲಿರಬೇಕಿತ್ತು ಅಂತ ನೋಡುತ್ತಾರೆ. ಆಮೇಲೆ ಆ ಜಾಗದ ಹಳೆಯ ಫೋಟೋಗಳನ್ನು ಹುಡುಕಿ ತೆಗೆಯುತ್ತಾರೆ. 2025 ಪಿಎನ್7 ಹೀಗೆ 2014ರ ಫೋಟೋಗಳಲ್ಲೇ ಸಿಕ್ಕಿತು. ಹನ್ನೊಂದು ವರ್ಷ ಅದು ಫೋಟೋದಲ್ಲಿತ್ತು, ನೋಡಿದವರಿರಲಿಲ್ಲ. ಹಳೆಯ ಚುಕ್ಕಿ, ಹೊಸ ಚುಕ್ಕಿ ಎರಡೂ ಸೇರಿದ ಮೇಲೆ ಕಕ್ಷೆ ಗಟ್ಟಿಯಾಯಿತು. ಇದು ಭೂಮಿಯ ಜೊತೆಗಾರ ಅಂತ ಮೊದಲು ಗುರುತಿಸಿದ್ದು ಫ್ರಾನ್ಸಿನ ಒಬ್ಬ ಹವ್ಯಾಸಿ. ಕೈಯಲ್ಲಿ ದೊಡ್ಡ ದೂರದರ್ಶಕ ಇದ್ದದ್ದಕ್ಕಲ್ಲ, ಪ್ರಕಟವಾದ ಅಂಕಿಗಳನ್ನು ಕೂತು ಲೆಕ್ಕ ಹಾಕಿದ್ದಕ್ಕೆ. ಮೋಡದ ಊರಿನವರಿಗೆ ಇದಕ್ಕಿಂತ ಸಮಾಧಾನದ ಸಂಗತಿ ಬೇರೆ ಇಲ್ಲ. ಆಮೇಲೆ ಮ್ಯಾಡ್ರಿಡ್‌ನ ಕಾರ್ಲೋಸ್ ಮತ್ತು ರೌಲ್ ಡೆ ಲಾ ಫುಯೆಂಟೆ ಮಾರ್ಕೋಸ್ ಎಂಬ ಸಂಶೋಧಕರು ಅದೇ ಸೆಪ್ಟೆಂಬರಿನಲ್ಲಿ ಒಂದು ಚಿಕ್ಕ ಪ್ರಬಂಧ ಪ್ರಕಟಿಸಿದರು. ಜಗತ್ತಿನ ಎರಡನೇ ಚಂದ್ರ ಹುಟ್ಟಿದ್ದು ಆ ಪ್ರಬಂಧದಿಂದ. ಅದರಲ್ಲಿ ಅಂಥ ಮಾತು ಇರಲಿಲ್ಲ ಅನ್ನುವುದು ಬೇರೆ ವಿಷಯ.

ಹಾಗಾದರೆ ಅದರ ದಾರಿ ಹೇಗಿದೆ?

ಸೂರ್ಯನಿಂದ ಭೂಮಿಯ ಸರಾಸರಿ ದೂರವನ್ನು ಒಂದು ಅಂತ ಇಟ್ಟುಕೊಂಡರೆ ಈ ಬಂಡೆಯ ಸರಾಸರಿ ದೂರ 1.003. ಅಂದರೆ ಬಹುತೇಕ ನಮ್ಮಷ್ಟೇ. ಸರಾಸರಿ ದೂರ ಒಂದೇ ಆದರೆ ಸುತ್ತುವ ಕಾಲವೂ ಒಂದೇ, ಇದು ಕೆಪ್ಲರ್ 1619ರಲ್ಲಿ ಪ್ರಕಟಿಸಿದ ನಿಯಮ. ಲೆಕ್ಕ ಹಾಕಿದರೆ ಅದರ ವರ್ಷ ಸುಮಾರು 367 ದಿನ. ನಮ್ಮದಕ್ಕಿಂತ ಒಂದೂವರೆ ದಿನ ಜಾಸ್ತಿ. ಆದರೆ ಭೂಮಿಯ ಕಕ್ಷೆ ಹೆಚ್ಚುಕಡಿಮೆ ವೃತ್ತ, ಇದರದ್ದು ಸ್ವಲ್ಪ ಉದ್ದಕ್ಕೆ ಎಳೆದದ್ದು. ಸೂರ್ಯನಿಗೆ ಹತ್ತಿರವಾದಾಗ 13.4 ಕೋಟಿ ಕಿ.ಮೀ., ದೂರವಾದಾಗ 16.6 ಕೋಟಿ. ನಾವು ಇರುವುದು 14.7 ಮತ್ತು 15.2 ಕೋಟಿಯ ನಡುವೆ. ಹಾಗಾಗಿ ಅದು ಅರ್ಧ ವರ್ಷ ನಮ್ಮ ದಾರಿಯ ಒಳಗಡೆ, ಅರ್ಧ ವರ್ಷ ಹೊರಗಡೆ.

ಇದನ್ನು ಚಿಕ್ಕಪ್ಪನಿಗೆ ಹೇಳಲು ರಥಬೀದಿ ಬೇಕಾಯಿತು. ಉಡುಪಿಯ ರಥಬೀದಿಯಲ್ಲಿ ಇಬ್ಬರು ಸುತ್ತು ಹಾಕುತ್ತಿದ್ದಾರೆ ಅಂದುಕೊಳ್ಳಿ. ನೀವು ಬೀದಿಯ ನಡುವಿನಲ್ಲಿ ಒಂದೇ ವೇಗದಲ್ಲಿ ನಡೆಯುತ್ತೀರಿ. ಇನ್ನೊಬ್ಬರು ಅರ್ಧ ಸುತ್ತು ಮಠದ ಗೋಡೆಯ ಬದಿಗೆ ಸರಿದು ಬೀಸಾಗಿ ನಡೆಯುತ್ತಾರೆ. ಉಳಿದ ಅರ್ಧ ಅಂಗಡಿಗಳ ಬದಿಗೆ ಸರಿದು ನಿಧಾನವಾಗುತ್ತಾರೆ. ಒಟ್ಟು ಸುತ್ತಿಗೆ ಇಬ್ಬರಿಗೂ ಅಷ್ಟೇ ಹೊತ್ತು. ಈಗ ನಿಮ್ಮ ಕಣ್ಣಿಗೆ ಏನು ಕಾಣುತ್ತದೆ? ಒಮ್ಮೆ ಅವರು ನಿಮ್ಮ ಒಳಬದಿಯಲ್ಲಿ ನಿಮ್ಮನ್ನು ದಾಟಿ ಮುಂದೆ ಹೋದರು. ಆಮೇಲೆ ಹೊರಬದಿಗೆ ಬಂದರು. ಹಾಗೇ ಹಿಂದೆ ಬಿದ್ದರು. ಮತ್ತೆ ಒಳಬದಿಗೆ. ಒಂದು ಸುತ್ತು ಮುಗಿಯುವಾಗ ಅವರು ನಿಮಗೇ ಒಂದು ಪ್ರದಕ್ಷಿಣೆ ಹಾಕಿದ ಹಾಗಾಯಿತು! ಅವರು ಬಂದದ್ದು ಕೃಷ್ಣನ ಪ್ರದಕ್ಷಿಣೆಗೆ. ನೀವು ಅಲ್ಲಿ ಇಲ್ಲದಿದ್ದರೂ ಅವರು ಹಾಗೇ ನಡೆಯುತ್ತಿದ್ದರು.

"ಓ, ಹಾಗೆ" ಅಂದರು ಚಿಕ್ಕಪ್ಪ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ತಾವೇ ಬರೆಯಲು ಕೂತರು. ನಡುವೆ ಒಂದು ಚುಕ್ಕಿ, ಅದು ಭೂಮಿ. ಅದರ ಸುತ್ತ ಹುರುಳಿಕಾಯಿಯ ಬೀಜದಂತೆ ಒಂದು ಗೆರೆ. ಪೆನ್ಸಿಲಿನ ತುದಿ ಮೊಂಡಾಗಿತ್ತು, ಗೆರೆ ದಪ್ಪ ಬಂತು. ನಾನು ಪಕ್ಕದಲ್ಲಿ ಅಳತೆ ಬರೆದೆ. ಆ ಬಳಸಿನ, ಅಂದರೆ ಭೂಮಿಯನ್ನು ಬಳಸಿ ಬರುವ ಆ ಗೆರೆಯ, ಅಗಲ ಸುಮಾರು 3 ಕೋಟಿ ಕಿ.ಮೀ., ಉದ್ದ 6 ಕೋಟಿಗೂ ಮೇಲೆ. ಒಂದು ಬಳಸಿಗೆ ಒಂದು ವರ್ಷ. ಅದೇ ಹಾಳೆಯಲ್ಲಿ ಅದೇ ಅಳತೆಗೆ ನಮ್ಮ ನಿಜವಾದ ಚಂದ್ರನ ಕಕ್ಷೆಯನ್ನು ಬರೆಯಲು ಹೋದರೆ ಅದು ಭೂಮಿಯ ಚುಕ್ಕಿಯೊಳಗೇ ಮುಗಿದುಹೋಯಿತು.

ಖಗೋಳದವರು ಇಂಥದ್ದನ್ನು ಕ್ವಾಸಿ ಸ್ಯಾಟಲೈಟ್ ಅನ್ನುತ್ತಾರೆ. ಅರೆ ಉಪಗ್ರಹ ಅನ್ನಬಹುದು. ನಿಜವಾದ ಉಪಗ್ರಹ ಆಗಬೇಕಾದರೆ ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ಒಳಗಿರಬೇಕು. ಭೂಮಿಯ ಹಿಡಿತ ನಡೆಯುವುದು ಅಲ್ಲಿಯವರೆಗೆ. ಅದರ ಆಚೆ ಸೂರ್ಯನದ್ದೇ ಯಜಮಾನಿಕೆ. ನಮ್ಮ ಬಂಡೆ ಯಾವತ್ತೂ ಆ ಗೆರೆಯ ಹೊರಗೆ. ಒಂದೂವರೆ ಕೋಟಿ ಕಿ.ಮೀ. ದೂರದಲ್ಲಿದ್ದಾಗ ಅದರ ಮೇಲೆ ಭೂಮಿಯ ಸೆಳೆತ ಸೂರ್ಯನ ಸೆಳೆತದ ಹತ್ತು ಸಾವಿರದಲ್ಲಿ ಮೂರು ಪಾಲು. ನಾಳೆ ಬೆಳಿಗ್ಗೆ ಭೂಮಿ ಮಾಯವಾದರೂ ಆ ಬಂಡೆಗೆ ಗೊತ್ತಾಗಲು ಹಲವು ವರ್ಷ ಬೇಕು.

ಸುದ್ದಿಯವರ ಮೇಲೆ ನನ್ನ ಸಿಟ್ಟು ಇಲ್ಲಿಯೇ. ಎರಡನೇ ಚಂದ್ರ ಅಂದುಬಿಟ್ಟರೆ ಕಥೆ ಅಲ್ಲಿಗೇ ಮುಗಿಯುತ್ತದೆ. ಅದು ಭೂಮಿಯದ್ದಲ್ಲ ಅಂತ ಗೊತ್ತಾದ ಮೇಲೆ ಮಾತ್ರ ಅಸಲಿ ಪ್ರಶ್ನೆ ಏಳುತ್ತದೆ. ನಮ್ಮದಲ್ಲದಿದ್ದರೆ ಅದು ಹತ್ತಾರು ವರ್ಷ ನಮ್ಮ ಜೊತೆಯೇ ಯಾಕಿದೆ? ಅದರ ವರ್ಷ 367 ದಿನ ಅಂದೆವಲ್ಲ. ಭೂಮಿ ದಿನಕ್ಕೆ ಸುಮಾರು 25 ಲಕ್ಷ ಕಿ.ಮೀ. ಓಡುತ್ತದೆ. ಒಂದೂವರೆ ದಿನ ತಡ ಅಂದರೆ ವರ್ಷಕ್ಕೆ 40 ಲಕ್ಷ ಕಿ.ಮೀ. ಹಿಂದೆ ಬಿದ್ದ ಹಾಗೆ. ಹತ್ತು ವರ್ಷದಲ್ಲಿ ಆ ಇಡೀ ಬಳಸು ಹಿಂದಕ್ಕೆ ಜಾರಿ ಭೂಮಿ ಅದರ ಹೊರಗೆ ಉಳಿದುಬಿಡಬೇಕಿತ್ತು. ಹಾಗೆ ಆಗುವುದಿಲ್ಲ. ಆ ಹತ್ತು ಸಾವಿರದಲ್ಲಿ ಮೂರು ಪಾಲು ಕೆಲಸ ಮಾಡುವುದು ಇಲ್ಲಿ.

ಬಳಸು ಹಿಂದಕ್ಕೆ ಜಾರಿದೆ ಅನ್ನಿ. ಆಗ ಅದರ ಮುಂದಿನ ತುದಿ ಭೂಮಿಗೆ ಹತ್ತಿರ ಬಂದಿರುತ್ತದೆ. ಬಂಡೆ ಆ ತುದಿಗೆ ಬಂದಾಗ ಭೂಮಿಗಿಂತ ಸ್ವಲ್ಪ ಮುಂದೆ, ಬೇರೆ ಯಾವಾಗಿಗಿಂತಲೂ ಹತ್ತಿರ. ಭೂಮಿ ಅದನ್ನು ತನ್ನ ಕಡೆಗೆ, ಅಂದರೆ ಹಿಂದಕ್ಕೆ ಎಳೆಯುತ್ತದೆ. ಹಿಂದಕ್ಕೆ ಎಳೆದದ್ದರಿಂದ ಅದು ಬೇಗ ಸುತ್ತಲು ಶುರು ಮಾಡುತ್ತದೆ.

"ನಿಲ್ಲು ಮಾರಾಯ" ಅಂದರು ಚಿಕ್ಕಪ್ಪ. "ಹಿಂದೆ ಎಳೆದರೆ ಬೇಗ ಹೋಗುದು ಹೇಗೆ? ನಿಧಾನ ಆಗ್ಬೇಕಲ್ವಾ?"

ಯಾರಿಗಾದರೂ ಹಾಗೇ ಅನಿಸಬೇಕು. ನೀರಿನ ಮೇಲೆ, ನೆಲದ ಮೇಲೆ ಹಿಂದಕ್ಕೆ ಎಳೆದರೆ ನಿಧಾನವೇ ಆಗುವುದು. ಸೂರ್ಯನ ಸುತ್ತ ಓಡುವ ವಸ್ತುವಿನ ಕಥೆ ಬೇರೆ. ಅದನ್ನು ಹಿಂದಕ್ಕೆ ಎಳೆದರೆ ಶಕ್ತಿ ಕಳೆದುಕೊಂಡು ಸೂರ್ಯನ ಕಡೆಗೆ ಸ್ವಲ್ಪ ಇಳಿಯುತ್ತದೆ. ಸೂರ್ಯನಿಗೆ ಹತ್ತಿರ ಇರುವುದು ಬೇಗ ಓಡಬೇಕು. ಬುಧ ಸೆಕೆಂಡಿಗೆ 47 ಕಿ.ಮೀ. ಓಡುತ್ತದೆ, ಭೂಮಿ 30, ಅಷ್ಟು ದೂರದ ನೆಪ್ಚೂನ್ ಐದೂವರೆಗೂ ಕಡಿಮೆ. ಒಳಗಿನ ದಾರಿ ಚಿಕ್ಕದು ಬೇರೆ. ಹಾಗಾಗಿ ಇಳಿದ ಬಂಡೆಯ ವರ್ಷ ಚಿಕ್ಕದಾಗುತ್ತದೆ, 365 ದಿನಕ್ಕಿಂತ ಕಡಿಮೆ. ಹಿಂದೆ ಬೀಳುತ್ತಿದ್ದ ಬಳಸು ಈಗ ಮುಂದಕ್ಕೆ ಸರಿಯತೊಡಗುತ್ತದೆ.

ಮುಂದೆ ಸರಿದು ಸರಿದು ಕೊನೆಗೆ ಅದರ ಹಿಂದಿನ ತುದಿ ಭೂಮಿಯ ಹತ್ತಿರ ಬರುತ್ತದೆ. ಈಗ ಎಲ್ಲ ತಿರುಗುಮುರುಗು. ಬಂಡೆ ಭೂಮಿಗಿಂತ ಹಿಂದೆ ಇದ್ದಾಗ ಹತ್ತಿರವಾಗುತ್ತದೆ, ಭೂಮಿ ಅದನ್ನು ಮುಂದಕ್ಕೆ ಎಳೆಯುತ್ತದೆ. ಶಕ್ತಿ ಸಿಕ್ಕಿ ಅದು ಹೊರಗಿನ ದಾರಿಗೆ ಏರುತ್ತದೆ. ಏರಿದ್ದರಿಂದ ನಿಧಾನವಾಗುತ್ತದೆ. ಬಳಸು ಮತ್ತೆ ಹಿಂದಕ್ಕೆ. ವರ್ಷಗಟ್ಟಲೆ ಹಿಂದೆ, ವರ್ಷಗಟ್ಟಲೆ ಮುಂದೆ. ಎರಡು ಕಡೆಯೂ ಭೂಮಿ ಸುಮ್ನೆ ಒಂದು ಚಿಕ್ಕ ಎಳೆತ ಕೊಡುತ್ತದೆ, ಉಳಿದದ್ದನ್ನು ಸೂರ್ಯನ ನಿಯಮವೇ ನೋಡಿಕೊಳ್ಳುತ್ತದೆ. ನನ್ನನ್ನು ಕೇಳಿದರೆ ಇದರ ಮುಂದೆ ಎರಡು ಹುಣ್ಣಿಮೆಯ ಆ ಫೋಟೋ ಏನೂ ಅಲ್ಲ.

ಚಿಕ್ಕಪ್ಪ ಕ್ಯಾಲೆಂಡರ್ ಹಾಳೆಯ ಮೇಲೆ ಪೆನ್ಸಿಲ್ ಹಿಂದೆ ಮುಂದೆ ಸರಿಸಿ ನೋಡಿದರು. ಅವರು ಒಪ್ಪಿದ್ದು ಬುಧ, ನೆಪ್ಚೂನ್‌ಗಳ ವೇಗ ಕೇಳಿದ ಮೇಲೆ. ಮೊದಲೇ ಅದನ್ನು ಹೇಳಬೇಕಿತ್ತಂತೆ.

ಈ ಏರ್ಪಾಟು ಶಾಶ್ವತವಲ್ಲ. ಮ್ಯಾಡ್ರಿಡ್‌ನವರ ಲೆಕ್ಕದ ಪ್ರಕಾರ ಇದು ಶುರುವಾಗಿ ಆರು ದಶಕಗಳ ಮೇಲಾಯಿತು, 2083ರ ಸುಮಾರಿಗೆ ಮುಗಿಯುತ್ತದೆ. ನಮ್ಮ ಅಜ್ಜ ದೋಣಿಯಲ್ಲಿ ಹೋಗುತ್ತಿದ್ದ ಕಾಲಕ್ಕೇ ಅದು ಅಲ್ಲಿತ್ತು. ಹೊಸದಾಗಿ ಬಂದದ್ದು ಏನೂ ಇಲ್ಲ. ಅಷ್ಟು ಚಿಕ್ಕದು, ಅಷ್ಟು ಮಂಕು, ಹವ್ಯಾಸಿಗಳ ಸಾಮಾನ್ಯ ದೂರದರ್ಶಕಕ್ಕೆ ಸಿಗದು. 2083ರ ನಂತರ ಬಳಸು ಜಾರಿ ಭೂಮಿಯಿಂದ ಬಿಡಿಸಿಕೊಳ್ಳುತ್ತದೆ, ಬಂಡೆ ಕುದುರೆ ಲಾಳದ ಆಕಾರದ ದಾರಿ ಹಿಡಿಯುತ್ತದೆ. ಅಂದರೆ ನಿಧಾನವಾಗಿ ಭೂಮಿಯಿಂದ ದೂರ ಸರಿದು, ಸೂರ್ಯನ ಆಚೆ ಬದಿಗೂ ಹೋಗಿ, ಇನ್ನೊಂದು ದಿಕ್ಕಿನಿಂದ ಭೂಮಿಯ ಹತ್ತಿರ ಬಂದು, ಮತ್ತೆ ಬಂದ ದಾರಿಯಲ್ಲೇ ಹಿಂತಿರುಗುವುದು. ಅಲ್ಲೂ ಅದೇ ನಿಯಮ, ಎಳೆದರೆ ದೂರ ಹೋಗುತ್ತದೆ.

"ಬೀಳ್ತದಾ?" ಅನ್ನುವ ಪ್ರಶ್ನೆ ಬಂದೇ ಬಂತು, ಚಿಕ್ಕಮ್ಮನಿಂದ. ಇಲ್ಲ. 40 ಲಕ್ಷ ಕಿ.ಮೀ.ಗಿಂತ ಹತ್ತಿರ ಬಾರದ್ದು ಬೀಳುವುದು ಎಲ್ಲಿಂದ? ಆದರೆ ಅಷ್ಟೇ ಗಾತ್ರದ ಬೇರೆ ಕಲ್ಲು ಬಿದ್ದದ್ದುಂಟು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಹೆಚ್ಚುಕಡಿಮೆ ಇಷ್ಟೇ ದೊಡ್ಡ ಬಂಡೆ ಸುಮಾರು 30 ಕಿ.ಮೀ. ಎತ್ತರದಲ್ಲಿ ಸಿಡಿಯಿತು. ಸತ್ತವರಿಲ್ಲ. ಕಿಟಕಿ ಗಾಜು ಒಡೆದು ಸಾವಿರಕ್ಕೂ ಹೆಚ್ಚು ಜನರಿಗೆ ಗಾಯ. ಬೆಳಕು ಕಂಡು ಕಿಟಕಿಗೆ ಓಡಿ ಬಂದವರಿಗೇ ಏಟು ಜಾಸ್ತಿ, ಯಾಕೆಂದರೆ ಸದ್ದಿನ ಅಲೆ ಬೆಳಕಿನ ಹಿಂದೆ ತಡವಾಗಿ ಬರುತ್ತದೆ. ಅದು ಬಂದದ್ದು ಸೂರ್ಯನ ಕಡೆಯಿಂದ, ಮೊದಲೇ ಯಾರಿಗೂ ಕಂಡಿರಲಿಲ್ಲ. ಹೆದರುವುದಿದ್ದರೆ ಅಂಥದ್ದಕ್ಕೆ ಹೆದರಬೇಕು. ಕಕ್ಷೆ ಗೊತ್ತಿರುವ ಕಲ್ಲಿನ ಬಗ್ಗೆ ಹೆದರಿಕೆ ಯಾಕೆ?

ಭೂಮಿಯಂಥದ್ದೇ ಕಕ್ಷೆ ಇರುವ ಈ ಚಿಕ್ಕ ಬಂಡೆಗಳ ಗುಂಪಿಗೆ ಅರ್ಜುನ ಗುಂಪು ಅಂತ ಹೆಸರು. ನಮ್ಮ ಮಹಾಭಾರತದ ಅರ್ಜುನನೇ. 2024ರ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ 25ರ ತನಕ ಎರಡು ತಿಂಗಳು 'ಮಿನಿ ಚಂದ್ರ' ಅಂತ ಸದ್ದು ಮಾಡಿತಲ್ಲ, 2024 ಪಿಟಿ5, ಅದೂ ಇದೇ ಗುಂಪು. ರಾತ್ರಿ ಇಡೀ ಯಕ್ಷಗಾನದಲ್ಲಿ ಅರ್ಜುನನನ್ನು ಕಂಡ ಚಿಕ್ಕಪ್ಪನಿಗೆ ಇದು ತುಂಬಾ ಹಿಡಿಸಿತು. ಗ್ರೂಪಿಗೆ ಅವರು ಫಾರ್ವರ್ಡ್ ಮಾಡಿದ್ದು ಇಷ್ಟನ್ನು ಮಾತ್ರ. ಕಕ್ಷೆಯ ಲೆಕ್ಕ ಹಾಕಿದ್ದೆಲ್ಲ ಹಾಳೆಯಲ್ಲೇ ಉಳಿಯಿತು.

ಇಂಥ ಜೊತೆಗಾರ ನಮಗೆ ಇದೊಂದೇ ಅಲ್ಲ, ಬೆರಳೆಣಿಕೆಯಷ್ಟು ಇವೆ. ಮೊದಲು ಸಿಕ್ಕಿದ್ದು ಮಾತ್ರ ಭೂಮಿಯದ್ದಲ್ಲ, ಶುಕ್ರನದ್ದು. 2002ರಲ್ಲಿ ಕಂಡ ಅದಕ್ಕೆ ಈಗ ಝೂಝ್ವೆ ಅಂತ ಹೆಸರು. ಮಕ್ಕಳ ಕೋಣೆಯ ಪೋಸ್ಟರ್ ಒಂದರಲ್ಲಿ ಅದರ ನೋಂದಣಿ ಸಂಖ್ಯೆಯನ್ನು ಯಾರೋ ತಪ್ಪಾಗಿ ಓದಿ ಹಾಗೆ ಬರೆದಿದ್ದರು. 2024ರಲ್ಲಿ ಅದನ್ನೇ ಅಧಿಕೃತ ಮಾಡಿದರು. ದೊಡ್ಡವರ ಸಂಸ್ಥೆಗಳಿಗೂ ಒಮ್ಮೊಮ್ಮೆ ತಮಾಷೆ ಮಾಡಬೇಕು ಅನಿಸುತ್ತದೆ.

ಭೂಮಿಯ ಜೊತೆಗಾರರಲ್ಲಿ ನನಗೆ ಹೆಚ್ಚು ಕುತೂಹಲ ಇರುವುದು ಕಮೋವಾಲೆವಾ ಬಗ್ಗೆ. 2016ರ ಏಪ್ರಿಲ್ 27ರಂದು ಅದೇ ಹಲೆಯಾಕಲಾದ ಪ್ಯಾನ್-ಸ್ಟಾರ್ಸ್‌ಗೆ ಸಿಕ್ಕಿದ್ದು. ಗಾತ್ರ 40ರಿಂದ 100 ಮೀಟರ್ ನಡುವೆ. ತನ್ನ ಸುತ್ತ ತಾನು ತಿರುಗಲು ಅದಕ್ಕೆ 28 ನಿಮಿಷ ಸಾಕು. ಪಿಎನ್7ಕ್ಕಿಂತ ಇದರ ಜೊತೆ ಗಟ್ಟಿ. ಚಂದ್ರನ ದೂರದ 38 ಪಟ್ಟಿಗಿಂತ ಹತ್ತಿರ ಬರುವುದಿಲ್ಲ, 100 ಪಟ್ಟಿಗಿಂತ ದೂರ ಹೋಗುವುದಿಲ್ಲ. ಇನ್ನೂ ಶತಮಾನಗಳ ಕಾಲ ಹೀಗೇ ಇರುತ್ತದೆ ಅಂತ ಲೆಕ್ಕ.

ವಿಶೇಷ ಅದಲ್ಲ. ಅರಿಜೋನಾ ವಿಶ್ವವಿದ್ಯಾಲಯದ ಬೆಂಜಮಿನ್ ಶಾರ್ಕಿ, ವಿಷ್ಣು ರೆಡ್ಡಿ ಮತ್ತವರ ತಂಡ ಅದರಿಂದ ಬರುವ ಬೆಳಕನ್ನು ಬಿಡಿಸಿ ನೋಡಿತು. ವರ್ಷಕ್ಕೊಮ್ಮೆ ಏಪ್ರಿಲ್ ಸುಮಾರಿಗೆ ಕೆಲವು ವಾರ ಮಾತ್ರ ಅದು ನೋಡುವಷ್ಟು ಬೆಳಗುತ್ತದೆ, ಅದೂ ದೊಡ್ಡ ದೂರದರ್ಶಕಕ್ಕೆ. ಸಾಮಾನ್ಯ ಕ್ಷುದ್ರಗ್ರಹಗಳಿಗೆ ಆ ಬೆಳಕು ಹೊಂದಲಿಲ್ಲ. ಹೊಂದಿದ್ದು ಅಪೊಲೊ 14ರವರು ಚಂದ್ರನಿಂದ ತಂದ ಮಣ್ಣಿಗೆ. 2021ರಲ್ಲಿ ಇದನ್ನು ಪ್ರಕಟಿಸಿದರು. 2024ರಲ್ಲಿ ಇನ್ನೊಂದು ತಂಡ ಇನ್ನೂ ಮುಂದೆ ಹೋಗಿ, ಚಂದ್ರನ ಆಚೆ ಬದಿಯಲ್ಲಿರುವ ಜಿಯೋರ್ಡಾನೋ ಬ್ರೂನೋ ಕುಳಿಯಿಂದ ಹಾರಿದ ಚೂರು ಇದಾಗಿರಬಹುದು ಅಂತ ಕಂಪ್ಯೂಟರ್ ಲೆಕ್ಕ ತೋರಿಸಿತು. ಕುಳಿಯ ಅಗಲ 22 ಕಿ.ಮೀ., ವಯಸ್ಸು ಹತ್ತು ಲಕ್ಷದಿಂದ ಒಂದು ಕೋಟಿ ವರ್ಷ.

ಒಂದು ಕೋಟಿ ವರ್ಷ ಕೇಳುವಾಗ ದೊಡ್ಡದು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಅಲ್ಲಿನ ಕಂಬದ ಕಲ್ಲುಗಳ ಮೇಲೆ ಕೂತರೆ ಅಂದಾಜು ಬದಲಾಗುತ್ತದೆ. ಒಂದಕ್ಕೊಂದು ಒತ್ತಿ ನಿಂತ ಕಂಬಗಳು. ತಲೆ ನೋಡಿದರೆ ಕೆಲವಕ್ಕೆ ಐದು ಮೂಲೆ, ಕೆಲವಕ್ಕೆ ಆರು. ಸಂದಿನಲ್ಲಿ ಚಿಪ್ಪಿನ ಪುಡಿ, ಉಪ್ಪು ನೀರು. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಲಾವಾ ಅದು, ತಣ್ಣಗಾಗಿ ಸುಮಾರು 8.8 ಕೋಟಿ ವರ್ಷ. ಚಂದ್ರನ ಮೇಲೆ ಆ ಕುಳಿ ಬಿದ್ದ ಹೊತ್ತಿಗೆ ಈ ಕಲ್ಲು ಇಲ್ಲಿ ಹಳೆಯದಾಗಿತ್ತು.

ಕಮೋವಾಲೆವಾದ ಚೂರನ್ನು ಹೀಗೆ ಮುಟ್ಟಿ ನೋಡುವ ಕಾಲವೂ ದೂರವಿಲ್ಲ. ಚೀನಾ 2025ರ ಮೇ ಕೊನೆಗೆ ಶಿಚಾಂಗ್‌ನಿಂದ ಟಿಯಾನ್‌ವೆನ್-2 ನೌಕೆಯನ್ನು ಹಾರಿಸಿತು. ಅದು ಆ ಬಂಡೆಯಿಂದ ಮಣ್ಣು ತೆಗೆದು 2027ರ ಕೊನೆಗೆ ಭೂಮಿಗೆ ತಲುಪಿಸಬೇಕು, ಆಮೇಲೆ ತಾನು ಮುಂದೆ ಇನ್ನೊಂದು ಕಡೆಗೆ ಹೋಗಬೇಕು ಅನ್ನುವುದು ಯೋಜನೆ. ಅರ್ಧ ಗಂಟೆಗೊಂದು ಸುತ್ತು ತಿರುಗುವ, ಮೈಯಲ್ಲಿ ಸೆಳೆತವೇ ಇಲ್ಲದಂಥ ಬಂಡೆಗೆ ತಾಗಿ ಮಣ್ಣು ತೆಗೆಯುವುದು ಸುಲಭದ ಮಾತಲ್ಲ.

ಆ ಮಣ್ಣು ಚಂದ್ರನದ್ದೇ ಆಗಿರುತ್ತದೆ ಅಂತ ನನ್ನ ಬಾಜಿ. ಕಾರಣ ಬೆಳಕಿನ ಹೋಲಿಕೆ ಒಂದೇ ಅಲ್ಲ, ಕಕ್ಷೆ ಕೂಡ. ಚಂದ್ರನಿಂದ ತಪ್ಪಿಸಿಕೊಳ್ಳಲು ಸೆಕೆಂಡಿಗೆ 2.4 ಕಿ.ಮೀ. ವೇಗ ಸಾಕು. ಅದಕ್ಕಿಂತ ತುಸು ಜಾಸ್ತಿಯಲ್ಲಿ ಹಾರಿದ ಚೂರು ಸೂರ್ಯನ ಸುತ್ತ ಹೋಗುವಾಗ ಹೆಚ್ಚು ಕಡಿಮೆ ಭೂಮಿಯ ದಾರಿಯನ್ನೇ ಹಿಡಿಯುತ್ತದೆ. ಮಂಗಳ-ಗುರುಗಳ ನಡುವಿನಿಂದ ಬಂದ ಕಲ್ಲಿಗೆ ಅಂಥ ದಾರಿ ಸಿಗುವುದು ಅಪರೂಪ. ಚಿಕ್ಕಪ್ಪ ಬಾಜಿಗೆ ಒಪ್ಪಿಲ್ಲ. ಮಣ್ಣು ಬರಲಿ, ನೋಡುವ ಅಂದಿದ್ದಾರೆ. ಹಾಳೆಯಲ್ಲಿ ಕಮೋವಾಲೆವಾದ ಬಳಸನ್ನೂ ಬರೆಯಲು ಜಾಗ ಬಿಟ್ಟಿದ್ದಾರೆ, ನಾನು ಅಳತೆ ಕೊಡುವುದು ಬಾಕಿ ಇದೆ.